ಚಿಪ್ಪುಜೀವಿಗಳ ಮುಳುಗುಗಾರಿಕೆಯಲ್ಲಿ ಸುರಕ್ಷತೆ

ಬಳಚು, ಪಚ್ಚಿಲೆ, ಕಲ್ವ, ಶಂಖ, ಮುತ್ತಿನ ಚಿಪ್ಪು ಮೊದಲಾದ ಚಿಪ್ಪುಳ್ಳ ಮೃದ್ವಂಗಿಗಳನ್ನೂ ಅವುಗಳೊಡನೆ ಸಿಗಡಿ, ಏಡಿಗಳಂಥ ಗಟ್ಟಿ ಕವಚದ ಜಲಚರಗಳನ್ನೂ ಒಟ್ಟಾಗಿ ಚಿಪ್ಪುಜೀವಿಗಳೆಂದು ಕರೆಯುತ್ತಾರೆ. ನೀರಿನ ತಳದಿಂದ ಅಥವಾ ಮುಳುಗಿದ ಬಂಡೆಗಳಿಂದ ಇವನ್ನು ಮಾರಾಟಕ್ಕಾಗಿ ಕೈಯಿಂದ ಆರಿಸುವ ವೃತ್ತಿಯೇ ಚಿಪ್ಪುಜೀವಿಗಳ ಮುಳುಗುಗಾರಿಕೆ. ಬಲೆ ಬೀಸುವ ಮೀನುಗಾರನು ದೋಣಿಯ ಮೇಲೋ ದಡದ ಮೇಲೋ ನಿಂತಿರುತ್ತಾನೆ. ಚಿಪ್ಪು ಆರಿಸುವವನಾದರೋ ತನ್ನ ದೇಹವನ್ನೇ ನೀರಿನೊಳಕ್ಕೆ ಒಯ್ಯಬೇಕಾಗುತ್ತದೆ. ಹೀಗಾಗಿ ಒತ್ತಡ, ಸೆಳವು, ಉಸಿರಿನ ಮಿತಿ, ತಳದ ಹೂಳು ಮತ್ತು ಸಹಾಯ ದೊರೆಯದ ಏಕಾಂತ ಈ ಕಸುಬಿನ ಸಹಜ ಅಪಾಯಗಳಾಗಿವೆ. ಇವುಗಳನ್ನು ಮೊದಲೇ ಗುರುತಿಸಿ, ಪ್ರತಿಯೊಂದರ ತೀವ್ರತೆಯನ್ನು ಅಂದಾಜಿಸಿ, ತಡೆಯಬಹುದಾದುದನ್ನು ತಡೆದು, ಉಳಿದುದಕ್ಕೆ ಪರಿಹಾರವನ್ನು ಸಿದ್ಧವಾಗಿಟ್ಟುಕೊಳ್ಳುವ ಕ್ರಮಬದ್ಧ ವ್ಯವಸ್ಥೆಗೆ ಅಪಾಯ ನಿರ್ವಹಣೆ ಎಂದು ಹೆಸರು.

ಕರ್ನಾಟಕದಲ್ಲಿ ಈ ಕಸುಬು

ಕರ್ನಾಟಕದಲ್ಲಿ ಈ ಕಸುಬು ಮುಖ್ಯವಾಗಿ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮುಂತಾದ ನದಿಗಳ ಅಳಿವೆಗಳಲ್ಲಿ, ಅಂದರೆ ಸಿಹಿನೀರು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವ ನದೀಮುಖಗಳಲ್ಲಿ, ಮತ್ತು ಕರಾವಳಿಯ ಬಂಡೆಸಾಲುಗಳಲ್ಲಿ ನಡೆಯುತ್ತದೆ. ಇವುಗಳಲ್ಲಿ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ ವಿಶೇಷವಾಗಿ ಹೆಸರಾದುದು. ಶಿರಸಿಯ ಸುತ್ತಲಿನ ಮಲೆನಾಡಿನಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟುಗಳ ತಡೆಯಿಲ್ಲದೆ ತದಡಿಯ ಬಳಿ ಕಡಲನ್ನು ಸೇರುವ ಈ ನದಿಯ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಹಾಗೆ ಸೇರಿದ ಪ್ರದೇಶದ ವಿಸ್ತೀರ್ಣ 4,801 ಹೆಕ್ಟೇರು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ದ್ವಿಕವಾಟಿಗಳನ್ನು, ಎಂದರೆ ಎರಡು ಚಿಪ್ಪುಗಳ ನಡುವೆ ಬದುಕುವ ಮೃದ್ವಂಗಿಗಳನ್ನು, ತೆಗೆಯಲಾಗುತ್ತದೆಂದೂ 2,300ಕ್ಕಿಂತ ಹೆಚ್ಚು ಜನರಿಗೆ ಇದು ನೇರ ಉದ್ಯೋಗವೆಂದೂ ಅಂದಾಜಿಸಿತು.

ಈ ದುಡಿಮೆಯಲ್ಲಿ ಸ್ಪಷ್ಟವಾದ ಎರಡು ಬಗೆಗಳಿವೆ. ನೀರು ಇಳಿದಾಗ ಮೈದೋರುವ ಮರಳುದಿಬ್ಬಗಳ ಮೇಲೆ ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ ಕೈಯಿಂದ ಬಳಚು ಹೆಕ್ಕುವುದು ಮೊದಲನೆಯದು. ಇದರಲ್ಲಿ ಹೆಂಗಸರ ಪಾಲು ದೊಡ್ಡದು. ದೋಣಿಯಲ್ಲಿ ಆಳದ ಕಡೆಗೆ ಹೋಗಿ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ಬಾಚಿ ತರುವುದು ಎರಡನೆಯದು. ದಕ್ಷಿಣ ಕನ್ನಡದಲ್ಲಿ ಪಚ್ಚಿಲೆಯೆಂದೂ ಉತ್ತರದ ಕಡೆ ನೀಲಿಕಲ್ಲೆಂದೂ ಹೇಳುವ ಹಸಿರು ಚಿಪ್ಪಿನ ಜೀವಿಯು ಅಲೆ ಬಡಿಯುವ ಬಂಡೆಗಳಿಗೆ ನಾರಿನಂಥ ಎಳೆಗಳಿಂದ ಅಂಟಿಕೊಂಡಿರುವುದರಿಂದ, ಅದನ್ನು ತೆಗೆಯುವವರು ಉಳಿ ಅಥವಾ ಚಪ್ಪಟೆ ಕಬ್ಬಿಣದಿಂದ ಎಬ್ಬಿಸಿ ಬಲೆಚೀಲಕ್ಕೆ ತುಂಬುತ್ತಾರೆ. ಈ ಎಲ್ಲ ಕೆಲಸಗಳಲ್ಲಿಯೂ ಗಳಿಕೆಯು ಕಳೆದ ಹೊತ್ತಿನ ಮೇಲಲ್ಲದೆ ತುಂಬಿದ ಬುಟ್ಟಿ ಅಥವಾ ಚೀಲದ ಮೇಲೆ ನಿಂತಿರುತ್ತದೆ. ಇನ್ನೊಂದು ಮುಳುಗು, ಇನ್ನೊಂದು ಬುಟ್ಟಿ ಎಂಬ ಒತ್ತಾಯಕ್ಕೆ ಈ ಲೆಕ್ಕಾಚಾರವೇ ಮೂಲವಾಗಿದ್ದು, ಸುರಕ್ಷತೆಯ ಚರ್ಚೆಯಲ್ಲಿ ಇದನ್ನು ಬದಿಗಿಡಲು ಬರುವುದಿಲ್ಲ.

ಉಬ್ಬರ, ಸೆಳವು ಮತ್ತು ಗುಂಡಿಗಳು

ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಏರಿಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚಾಗಿ, ಕಾರವಾರದ ಕಡೆ ಎರಡು ಮೀಟರಿನ ಸಮೀಪಕ್ಕೆ ಬರುತ್ತದೆ. ಹೆಚ್ಚು ದಿಬ್ಬ ತೆರೆದುಕೊಂಡು ಬಳಚು ಹೇರಳವಾಗಿ ಸಿಗುವುದು ಈ ದಿನಗಳಲ್ಲಿಯೇ. ಆದರೆ ನೀರು ಅತಿ ವೇಗವಾಗಿ ಮರಳುವುದೂ ಇದೇ ದಿನಗಳಲ್ಲಿ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಉಬ್ಬರದ ನೀರು ಮರಳುದಿಬ್ಬವನ್ನು ಎದುರಿನಿಂದ ಮುಳುಗಿಸುತ್ತ ಬರುವುದಿಲ್ಲ. ಅದು ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗಾದ ಕಾಲುವೆಗಳನ್ನು ಮೊದಲು ತುಂಬುತ್ತದೆ. ದಿಬ್ಬದ ನೆತ್ತಿಯಲ್ಲಿ ಬಾಗಿ ಹೆಕ್ಕುತ್ತಿರುವವರ ಕಾಲಬುಡದಲ್ಲಿ ನೀರು ಇನ್ನೂ ಕಣಕಾಲಿನಷ್ಟೇ ಇದ್ದರೂ, ಮರಳಬೇಕಾದ ದಾರಿಯಲ್ಲಿ ಅಷ್ಟರೊಳಗೆ ಎದೆಮಟ್ಟದ ಸೆಳವು ಹರಿಯುತ್ತಿರಬಹುದು. ಆದ್ದರಿಂದ ದಿಬ್ಬದ ಮೇಲಿನ ನೀರನ್ನು ನೋಡಿಕೊಂಡು ಹೊರಡುವುದು ತಪ್ಪು ಕ್ರಮ; ಕಾಲುವೆಯಲ್ಲಿ ನೆಟ್ಟ ಗುರುತಿನ ಕೋಲನ್ನು ನೋಡಿ, ನೀರು ತಿರುಗುವ ಮೊದಲೇ ಹೊರಡುವುದು ಸರಿಯಾದ ಕ್ರಮ.

ಈ ಅಪಾಯದ ಅತಿ ದಾರುಣ ನಿದರ್ಶನ ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯದು. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಚಿಪ್ಪು ಹೆಕ್ಕುತ್ತಿದ್ದ ಚೀನಾ ಮೂಲದ ವಲಸೆ ಕಾರ್ಮಿಕರು ಏರುವ ನೀರಿಗೆ ಸಿಕ್ಕಿ, 20ಕ್ಕಿಂತ ಹೆಚ್ಚು ಜನ ಸತ್ತರು. ಆ ಕೊಲ್ಲಿಯ ನೀರಿನ ನಡೆಯನ್ನು ಬಲ್ಲವರಲ್ಲದ, ಸ್ಥಳೀಯ ಭಾಷೆಯನ್ನೂ ಚೆನ್ನಾಗಿ ಅರಿಯದ ಆ ಜನರನ್ನು ಗುತ್ತಿಗೆಯ ಮೇಸ್ತ್ರಿಯೊಬ್ಬ ಕತ್ತಲಲ್ಲಿ ಕೆಲಸಕ್ಕೆ ಇಳಿಸಿದ್ದನು. ಇದರ ಪರಿಣಾಮವಾಗಿ ಅದೇ ವರ್ಷ ಬ್ರಿಟನ್ನಿನಲ್ಲಿ ಕೂಲಿ ಮೇಸ್ತ್ರಿಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾಯ್ದೆ ಬಂದಿತು. ಈಜು ಬಲ್ಲವನಿಗಿಂತಲೂ ನೀರಿನ ವೇಳೆಯನ್ನು ಬಲ್ಲವನು ಹೆಚ್ಚು ಸುರಕ್ಷಿತ ಎಂಬುದನ್ನೂ, ಆ ತಿಳಿವಳಿಕೆಯಿಲ್ಲದವರನ್ನು ನೀರಿಗಿಳಿಸುವವನೇ ಮೊದಲ ಹೊಣೆಗಾರನೆಂಬುದನ್ನೂ ಈ ದುರಂತ ತೋರಿಸಿಕೊಟ್ಟಿತು.

ಸಹಜವಾದ ಸೆಳವಿನ ಜೊತೆಗೆ ಮನುಷ್ಯನೇ ತಂದೊಡ್ಡಿದ ಅಪಾಯಗಳೂ ಅಳಿವೆಗಳಲ್ಲಿವೆ. ಮರಳು ತೆಗೆದ ಕಡೆ ಮತ್ತು ಸುಣ್ಣಕ್ಕಾಗಿ ಹಳೆಯ ಚಿಪ್ಪಿನ ಪದರವನ್ನು ಅಗೆದ ಕಡೆ ತಳವು ಒಮ್ಮೆಲೇ ಆಳವಾಗುವುದರಿಂದ, ವರ್ಷಗಟ್ಟಲೆ ಪರಿಚಿತವಾದ ಜಾಗದಲ್ಲಿಯೂ ಒಂದು ಹೆಜ್ಜೆ ತಪ್ಪಿದರೆ ನೆಲ ಸಿಗದಂತಾಗಬಹುದು. ಮಳೆಗಾಲದಲ್ಲಿ ಹೊಳೆಯ ರಭಸ, ಕೆಂಪು ನೀರಿನ ಮಬ್ಬು, ತೇಲಿ ಬರುವ ಮರಗಳು ಸೇರಿ ಮುಳುಗುವುದನ್ನು ಅಸಾಧ್ಯಗೊಳಿಸುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳವಿನ ಮುಂದೆ ನೌಕಾಪಡೆಯ ತರಬೇತಾದ ಮುಳುಗುಗಾರರೂ ಶೋಧವನ್ನು ನಿಲ್ಲಿಸಬೇಕಾಯಿತು. ಕುಸಿತದಲ್ಲಿ ನದಿಗೆ ಬಿದ್ದಿದ್ದ ಲಾರಿಯೊಂದನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಸಕಲ ಸಲಕರಣೆಗಳಿದ್ದ ಪಡೆಯೇ ನೀರಿಗಿಳಿಯದೆ ಕಾದಿರುವಾಗ, ಬರಿಮೈಯ ಕಸುಬುದಾರನು ಅಂಥ ನೀರಿಗೆ ಇಳಿಯದಿರುವುದನ್ನು ಹೇಡಿತನವೆಂದು ಎಣಿಸಲಾಗದು.

ಉಸಿರು ಬಿಗಿಹಿಡಿದ ಮುಳುಗು

ಸಲಕರಣೆಯಿಲ್ಲದೆ ಮುಳುಗುವವರ ಸಾವಿಗೆ ಹಲವೊಮ್ಮೆ ಕಾರಣವಾಗುವ ವಿದ್ಯಮಾನವನ್ನು ಅರಿಯಲು ಒತ್ತಡದ ಲೆಕ್ಕ ತಿಳಿದಿರಬೇಕು. ನೀರಿನ ಮೇಲ್ಮೈಯಲ್ಲಿ ದೇಹದ ಮೇಲೆ ಒಂದು ವಾಯುಮಂಡಲದಷ್ಟು ಒತ್ತಡವಿದ್ದರೆ, ಪ್ರತಿ 10 ಮೀಟರು ಆಳಕ್ಕೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 10 ಮೀಟರಿನಲ್ಲಿ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗಿ, ಅದರಲ್ಲಿನ ಆಮ್ಲಜನಕದ ಒತ್ತಡ ಇಮ್ಮಡಿಯಾಗುತ್ತದೆ. ಇದರಿಂದ ತಳದಲ್ಲಿರುವ ಮುಳುಗುಗಾರನಿಗೆ ಉಸಿರು ಇನ್ನೂ ಸಾಕಷ್ಟಿದೆ ಎಂಬ ಭಾವನೆ ಬರುತ್ತದೆ. ಅವನು ಮೇಲೇರುವಾಗ ಒತ್ತಡ ಮತ್ತೆ ಅರ್ಧಕ್ಕಿಳಿಯುತ್ತದೆ. ಅಷ್ಟರಲ್ಲಿ ಆಮ್ಲಜನಕದ ಬಹುಭಾಗವನ್ನು ದೇಹ ಬಳಸಿಬಿಟ್ಟಿದ್ದರೆ, ಉಳಿದುದರ ಒತ್ತಡವು ಎಚ್ಚರವನ್ನು ಕಾಯಲು ಬೇಕಾದ ಮಟ್ಟಕ್ಕಿಂತ ಕೆಳಗೆ ಕುಸಿದು, ಮೇಲ್ಮೈಗೆ ಕೆಲವೇ ಮೀಟರುಗಳಿರುವಾಗ, ಕೆಲವೊಮ್ಮೆ ತಲೆ ನೀರಿನ ಮೇಲೆ ಬಂದ ಮರುಕ್ಷಣವೂ, ಅವನು ಸದ್ದಿಲ್ಲದೆ ಮೂರ್ಛೆ ಹೋಗುತ್ತಾನೆ. ಇದಕ್ಕೆ ತೆಳುನೀರಿನ ಮೂರ್ಛೆ ಎಂದು ಹೆಸರು.

ಮುಳುಗುವ ಮೊದಲು ಪದೇ ಪದೇ ದೀರ್ಘವಾಗಿ ಉಸಿರಾಡುವ ರೂಢಿ ಈ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಉಸಿರಾಡಬೇಕೆಂಬ ತಹತಹ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದಲೇ ಹೊರತು ಆಮ್ಲಜನಕ ಕಡಿಮೆಯಾಗುವುದರಿಂದಲ್ಲ. ರಭಸದ ಉಸಿರಾಟವು ಆಮ್ಲಜನಕದ ಸಂಗ್ರಹವನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ದೇಹದ ಎಚ್ಚರಿಕೆಯ ಗಂಟೆಯನ್ನೇ ತಡಮಾಡುತ್ತದೆ. ಆದ್ದರಿಂದ ಮುಳುಗುವ ಮೊದಲು ಶಾಂತವಾಗಿ ಸಹಜ ಉಸಿರಾಟ ನಡೆಸುವುದು, ನೀರಿನೊಳಗೆ ಕಳೆದ ಹೊತ್ತಿನ ಕನಿಷ್ಠ ಇಮ್ಮಡಿ ಹೊತ್ತನ್ನು ಮೇಲೆ ವಿಶ್ರಮಿಸಿ ಕಳೆಯುವುದು, ಇಬ್ಬರ ಜೋಡಿಯಲ್ಲಿ ಒಬ್ಬನು ಕೆಳಗಿದ್ದಾಗ ಇನ್ನೊಬ್ಬನು ಮೇಲಿದ್ದು ನೋಡುತ್ತಿರುವುದು, ಮೇಲೆ ಬಂದವನನ್ನು ಇನ್ನೂ ಅರ್ಧ ನಿಮಿಷ ಕಣ್ಣಿಟ್ಟು ಗಮನಿಸುವುದು ಎಂಬ ನಿಯಮಗಳನ್ನು ತಜ್ಞರು ವಿಧಿಸುತ್ತಾರೆ. ಇಬ್ಬರೂ ಒಟ್ಟಿಗೆ ಮುಳುಗಿದರೆ ಅದು ಜೋಡಿಯ ದುಡಿಮೆಯೆನಿಸದು. ಅಂಥಲ್ಲಿ ಇಬ್ಬರೂ ಒಂಟಿಯಾಗಿಯೇ ಇರುತ್ತಾರೆ.

ಪ್ರಾಚೀನ ಕಸುಬುಗಳು ಈ ಮರ್ಮವನ್ನು ಅರಿತಿದ್ದವು. ತೂತ್ತುಕುಡಿಯ ಮನ್ನಾರ್ ಕೊಲ್ಲಿಯಲ್ಲಿ 1961ರವರೆಗೂ ನಡೆದ ಮುತ್ತಿನ ಬೇಟೆಯಲ್ಲಿ ಕಲ್ಲಿನ ಭಾರದೊಡನೆ ಕೆಳಗಿಳಿಯುವ ಮುಳುಗುಗಾರನಿಗೆ ದೋಣಿಯಲ್ಲಿ ಹಗ್ಗ ಹಿಡಿದು ಕಾಯುವ ಸಹಾಯಕನೊಬ್ಬನು ಇದ್ದೇ ಇರುತ್ತಿದ್ದನು. ಹಗ್ಗದ ಜಗ್ಗುವಿಕೆಯೇ ಅವರ ನಡುವಿನ ಸಂಕೇತವಾಗಿತ್ತು. 2016ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಕೊರಿಯಾದ ಜೇಜು ದ್ವೀಪದ ಮುಳುಗುಗಾರ್ತಿಯರು ಅನುಭವಕ್ಕೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸಿಕೊಂಡು ಗುಂಪಾಗಿಯೇ ಕಡಲಿಗಿಳಿಯುತ್ತಾರೆ. ಕೂಲಿಯ ಲೆಕ್ಕದಲ್ಲಿ ಕಾಯುವವನಿಗೆ ಪಾಲಿಲ್ಲವೆಂದು ಅವನನ್ನು ಕೈಬಿಟ್ಟ ಕಡೆಗಳಲ್ಲಿ ಈ ಹಳೆಯ ರಕ್ಷಣೆ ಕಾಣೆಯಾಗಿದೆ. ಒಟ್ಟು ಗಳಿಕೆಯಲ್ಲಿ ಕಾಯುವವನಿಗೂ ಸಮಪಾಲು ಗೊತ್ತುಪಡಿಸುವುದು ಮುಳುಗುಗಾರನ ಜೀವಕ್ಕೆ ತೆರುವ ಅತಿ ಕಡಿಮೆ ಬೆಲೆಯ ವಿಮೆಯೆನ್ನಬಹುದು.

ಹೊರೆಯನ್ನು ಹೊರುವ ಬಗೆಯೂ ಇಲ್ಲಿ ಮುಖ್ಯ. ತುಂಬಿದ ಬಲೆಚೀಲವನ್ನು ಸೊಂಟಕ್ಕೆ ಗಂಟು ಬಿಗಿದುಕೊಂಡವನು ಬಳಲಿದಾಗ ಅದೇ ಚೀಲವು ಅವನನ್ನು ತಳಕ್ಕೆಳೆಯುತ್ತದೆ. ಅದು ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವ ವ್ಯವಧಾನವೂ ಉಳಿಯುವುದಿಲ್ಲ. ಚೀಲವನ್ನು ಗಾಳಿ ತುಂಬಿದ ಟ್ಯೂಬಿಗೆ ಹಗ್ಗದಿಂದ ತೂಗುಬಿಟ್ಟು, ಮುಳುಗುಗಾರನು ಕೈಯಲ್ಲಿ ಹಿಡಿದಷ್ಟನ್ನು ಮಾತ್ರ ಅದಕ್ಕೆ ಹಾಕುವಂತೆ ಮಾಡಿದರೆ ಈ ಅಪಾಯ ನೀಗುತ್ತದೆ. ಮೇಲಾಗಿ ಟ್ಯೂಬು ವಿಶ್ರಾಂತಿಗೆ ಆಸರೆಯಾಗುತ್ತದೆ, ದೋಣಿಗಳಿಗೆ ಗುರುತಾಗುತ್ತದೆ. ಸೊಂಟಕ್ಕೆ ಕಟ್ಟುವುದು ಅನಿವಾರ್ಯವಾದರೆ ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟನ್ನೇ ಹಾಕಬೇಕು, ಮತ್ತು ಬಲೆ-ಹಗ್ಗಗಳನ್ನು ಕೊಯ್ಯಲು ಚಿಕ್ಕ ಚೂರಿಯೊಂದು ಕೈಗೆಟುಕುವಲ್ಲಿರಬೇಕು.

ಯಂತ್ರದ ಗಾಳಿ ಮತ್ತು ಒತ್ತಡದ ಬೇನೆ

ಜಗತ್ತಿನ ಹಲವೆಡೆ ಚಿಪ್ಪುಜೀವಿಗಳನ್ನು ತೆಗೆಯುವವರು ದೋಣಿಯಲ್ಲಿಟ್ಟ ಕಂಪ್ರೆಸರಿನಿಂದ ಉದ್ದನೆಯ ಕೊಳವೆಯ ಮೂಲಕ ಬರುವ ಗಾಳಿಯನ್ನು ಉಸಿರಾಡುತ್ತ ತಾಸುಗಟ್ಟಲೆ ತಳದಲ್ಲಿರುತ್ತಾರೆ. ಈ ವಿಧಾನದಿಂದ ದುಡಿಮೆ ಹೆಚ್ಚುತ್ತದೆ. ಅದರೊಡನೆ ಹಲವು ಹೊಸ ಅಪಾಯಗಳೂ ಬರುತ್ತವೆ. ಇಂಜಿನ್ನಿನ ಹೊಗೆಯು ಗಾಳಿ ಹೀರುವ ಬಾಯಿಗೆ ಸೇರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮುಳುಗುಗಾರನನ್ನು ಅರಿವಿಲ್ಲದಂತೆ ಮೂರ್ಛೆಗೊಳಿಸುತ್ತದೆ. ಪಂಕ್ಚರ್ ಅಂಗಡಿಯ ಅಥವಾ ಬಣ್ಣ ಸಿಂಪಡಿಸುವ ಕಂಪ್ರೆಸರನ್ನೇ ಇದಕ್ಕೆ ಬಳಸಿದಾಗ ಎಣ್ಣೆಯ ಆವಿ ಶ್ವಾಸಕೋಶ ಸೇರುತ್ತದೆ. ಇಂಜಿನ್ ನಿಂತರೆ ಅಥವಾ ಕೊಳವೆ ಮಡಿಚಿಕೊಂಡರೆ ಗಾಳಿ ಒಮ್ಮೆಲೇ ನಿಂತುಹೋಗುತ್ತದೆ. ಹೀರುವ ಬಾಯಿಯನ್ನು ಹೊಗೆಕೊಳವೆಯಿಂದ ದೂರಕ್ಕೆ, ಗಾಳಿ ಬೀಸಿ ಬರುವ ದಿಕ್ಕಿಗೆ ಎತ್ತರಿಸಿ ಇಡುವುದು, ಉಸಿರಾಟಕ್ಕೆಂದೇ ತಯಾರಾದ ಕಂಪ್ರೆಸರ್ ಮತ್ತು ಸೋಸುಕಗಳನ್ನು ಬಳಸುವುದು, ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟವನ್ನು ಅಳವಡಿಸುವುದು, ತುರ್ತಿಗಾಗಿ ಮುಳುಗುಗಾರನ ಬೆನ್ನ ಮೇಲೆ ಚಿಕ್ಕ ಸಿಲಿಂಡರೊಂದನ್ನು ಇರಿಸುವುದು ಇವುಗಳಿಗಿರುವ ಪರಿಹಾರಗಳು.

ಇವೆಲ್ಲಕ್ಕಿಂತ ಹೆಚ್ಚು ಅಂಗವೈಕಲ್ಯಕ್ಕೆ ಕಾರಣವಾಗುವುದು ಒತ್ತಡ ಇಳಿಕೆಯ ಬೇನೆ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿಕೊಳ್ಳುತ್ತದೆ. ಮುಳುಗುಗಾರನು ಬೇಗನೆ ಮೇಲೇರಿದರೆ ಅದು ಗುಳ್ಳೆಗಳಾಗಿ ಹೊರಬಿದ್ದು ಕೀಲುನೋವು, ಚರ್ಮದ ತುರಿಕೆ, ಕಾಲುಗಳ ಜೋಮು, ಕೊನೆಗೆ ಪಾರ್ಶ್ವವಾಯುವನ್ನೂ ತರುತ್ತದೆ. ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದ ಮೇಲೆ ಈ ಬೇನೆಯನ್ನು ತಡೆಯುವ ದಾರಿ ಸ್ಪಷ್ಟವಾಯಿತು. ಇಂದು ಬಳಕೆಯಲ್ಲಿರುವ ಅಮೆರಿಕದ ನೌಕಾಪಡೆಯ ಕೋಷ್ಟಕಗಳ ಪ್ರಕಾರ, ನಡುವೆ ನಿಲ್ಲದೆ ನೇರವಾಗಿ ಮೇಲೆ ಬರಬೇಕಾದರೆ 18 ಮೀಟರಿನಲ್ಲಿ ಸುಮಾರು ಒಂದು ತಾಸು, 30 ಮೀಟರಿನಲ್ಲಿ ಸುಮಾರು 25 ನಿಮಿಷಕ್ಕಿಂತ ಹೆಚ್ಚು ಕಾಲ ತಳದಲ್ಲಿರುವಂತಿಲ್ಲ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರನ್ನು ಮೀರುವಂತಿಲ್ಲ. ಹೊಂಡುರಾಸ್ ಮತ್ತು ನಿಕರಾಗುವಾ ತೀರದ ಮಿಸ್ಕಿಟೋ ಜನಾಂಗದ ಸಿಂಗಿ ಸಿಗಡಿಯ ಮುಳುಗುಗಾರರು ಈ ಮಿತಿಗಳ ಪರಿವೆಯಿಲ್ಲದೆ ದಿನಕ್ಕೆ ಹಲವು ಬಾರಿ ಇಳಿದು ದೊಡ್ಡ ಸಂಖ್ಯೆಯಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. 2021ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯವು ಖಾಸಗಿ ದೋಣಿ ಮಾಲೀಕರ ಮೇಲೆ ನಿಗಾ ವಹಿಸದ ಹೊಂಡುರಾಸ್ ಸರಕಾರವನ್ನೇ ಈ ಹಾನಿಗೆ ಹೊಣೆಯಾಗಿಸಿತು.

ಘಟ್ಟದ ಮೇಲಿನ ಪ್ರದೇಶ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು

ಕರಾವಳಿಯಿಂದ ಘಟ್ಟದ ಮೇಲಕ್ಕೆ ಬಂದರೆ, ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳಿಗೆ ಕಡಲಿಲ್ಲವಾದರೂ ಕೆರೆ-ಹೊಳೆಗಳ ಕೊರತೆಯಿಲ್ಲ. ವರದಾ ನದಿ ಮತ್ತು ಅದರ ಉಪನದಿ ಧರ್ಮಾ, ಹಿರೇಕೆರೂರು ಸೀಮೆಯ ಕುಮುದ್ವತಿ, ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ್, ಶಿಗ್ಗಾಂವಿಯ ನಾಗನೂರ ಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಮಾಸೂರಿನ ಮದಗದ ಕೆರೆ ಈ ಭಾಗದ ಪ್ರಸಿದ್ಧ ಜಲಮೂಲಗಳು. ದಕ್ಷಿಣ ಭಾರತದ ಇಂಥ ಕೆರೆ-ಹೊಳೆಗಳ ಹೂಳಿನಲ್ಲಿ ಜನರು ಕಪ್ಪೆಚಿಪ್ಪು ಎನ್ನುವ ಸಿಹಿನೀರಿನ ದ್ವಿಕವಾಟಿಗಳು ಬದುಕುತ್ತವೆ. ಇಲ್ಲಿ ಅವುಗಳನ್ನು ತೆಗೆಯುವುದು ಕರಾವಳಿಯಲ್ಲಿರುವಂತೆ ದೊಡ್ಡ ಉದ್ಯಮವಲ್ಲ. ಆದರೂ ಬಲೆ ಬಿಡಿಸಲು, ಮೀನು ಹಿಡಿಯಲು, ತೂಬು ತೆರೆಯಲು, ಪಂಪಿನ ಬುಡ ಸ್ವಚ್ಛಗೊಳಿಸಲು ಜನರು ನೀರಿಗೆ ಮುಳುಗುವುದು ಸಾಮಾನ್ಯವಾಗಿರುವುದರಿಂದ ಮುಳುಗುಗಾರಿಕೆಯ ನಿಯಮಗಳು ಈ ಸೀಮೆಗೂ ಅಷ್ಟೇ ಅನ್ವಯಿಸುತ್ತವೆ.

ಕೆರೆಯ ಅಪಾಯಗಳಲ್ಲಿ ತೂಬಿನದು ಅತ್ಯಂತ ಕಪಟವಾದುದು. ಏರಿಯ ಒಳಮೈಯಲ್ಲಿ ನೀರು ಆಳವಾಗಿದ್ದು ಹೊರಮೈಯ ಕಾಲುವೆ ಬರಿದಾಗಿರುವಾಗ ತೂಬಿನ ಕಿಂಡಿಯ ಎರಡು ಬದಿಗಳ ನಡುವೆ ದೊಡ್ಡ ಒತ್ತಡದ ಅಂತರ ಉಂಟಾಗುತ್ತದೆ. ಉದಾಹರಣೆಗೆ ನಾಲ್ಕು ಮೀಟರು ಆಳದಲ್ಲಿರುವ, ಒಂದು ಅಡಿ ಚೌಕದ ಕಿಂಡಿಗೆ ಒಬ್ಬನ ಬೆನ್ನು ಅಂಟಿಕೊಂಡರೆ ಅವನನ್ನು ಒತ್ತಿ ಹಿಡಿಯುವ ಬಲವು ಸುಮಾರು 370 ಕಿಲೋಗ್ರಾಂ ತೂಕಕ್ಕೆ ಸಮನಾಗಿರುತ್ತದೆ. ದಡದ ಮೇಲಿನ ನಾಲ್ಕಾರು ಜನ ಹಗ್ಗ ಕಟ್ಟಿ ಎಳೆದರೂ ಅದರಿಂದ ಬಿಡಿಸುವುದು ದುಸ್ಸಾಧ್ಯ. ಮೇಲಿನಿಂದ ನೋಡಿದರೆ ನೀರು ನಿಶ್ಚಲವಾಗಿಯೇ ಕಾಣುವುದರಿಂದ ಈ ಸೆಳೆತದ ಸುಳಿವೂ ಸಿಗುವುದಿಲ್ಲ. ತೂಬಿನ ಕೆಲಸಕ್ಕೆ ಇಳಿಯುವ ಮೊದಲು ಹೊರಗಿನ ಹರಿವನ್ನು ಪೂರ್ಣವಾಗಿ ನಿಲ್ಲಿಸಿ ಎರಡು ಬದಿಯ ನೀರನ್ನು ಸಮಗೊಳಿಸುವುದು, ಅದು ಆಗದಿದ್ದರೆ ದಡದಿಂದಲೇ ಉದ್ದನೆಯ ಸಲಾಕೆಯಿಂದ ಕೆಲಸ ಮಾಡುವುದು, ಎರಡೂ ಅಸಾಧ್ಯವಾದಲ್ಲಿ ನೀರು ಇಳಿಯುವವರೆಗೆ ಕಾಯುವುದು ಮಾತ್ರ ಉಳಿದಿರುವ ದಾರಿಗಳು. ಕೋಡಿ ಬಿದ್ದ ಕೆರೆಯ ಹೊರಹರಿವಿನ ಬಳಿಯೂ ಇದೇ ಎಚ್ಚರ ಬೇಕು.

ಹೂಳೆತ್ತುವಾಗ ಯಂತ್ರಗಳು ತೋಡಿದ ಕಡಿದಾದ ಗುಂಡಿಗಳು, ಕಾಲಿಗೆ ಸುತ್ತಿಕೊಳ್ಳುವ ಕಳೆ, ಹೊಳೆದಂಡೆಯ ಪಂಪ್‌ಸೆಟ್ಟುಗಳ ಸವೆದ ವಿದ್ಯುತ್ ತಂತಿ, ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು-ಸಿಡಿಲು, ತುಂಗಭದ್ರೆಯಲ್ಲಿರುವ ಮೊಸಳೆಗಳು ಒಳನಾಡಿನ ನೀರಿನ ಇತರ ಅಪಾಯಗಳು. ಪಂಪಿನ ಹತ್ತಿರ ನೀರಿಗಿಳಿಯುವ ಮೊದಲು ಸ್ವಿಚ್ ಆರಿಸಿದರಷ್ಟೇ ಸಾಲದು, ಫ್ಯೂಜನ್ನು ಕಳಚಿ ಇಳಿಯುವವನೇ ತನ್ನ ಬಳಿ ಇಟ್ಟುಕೊಳ್ಳಬೇಕು. ನಿಂತ ಕರೆಂಟು ಯಾವ ಗಳಿಗೆಯಲ್ಲಿ ಮರಳುತ್ತದೆಂದು ಹೇಳಲು ಬಾರದ ಹಳ್ಳಿಗಳಲ್ಲಿ ಈ ನಿಯಮವೊಂದೇ ಹಲವು ಜೀವಗಳನ್ನು ಉಳಿಸಬಲ್ಲುದು.

ಈ ತಾಲೂಕುಗಳು ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿರುವುದು ಮುಳುಗು ವಿಜ್ಞಾನದ ದೃಷ್ಟಿಯಿಂದ ಮಹತ್ವದ ಸಂಗತಿ. ಸುಮಾರು 300 ಮೀಟರಿಗಿಂತ ಎತ್ತರದ ಸ್ಥಳಗಳಲ್ಲಿ ವಾಯುಮಂಡಲದ ಒತ್ತಡ ಕಡಿಮೆಯಿರುವುದರಿಂದ ಕಡಲಿಗೆಂದು ಸಿದ್ಧಪಡಿಸಿದ ಕೋಷ್ಟಕಗಳನ್ನು ತಿದ್ದಿಕೊಳ್ಳದೆ ಬಳಸುವಂತಿಲ್ಲ. ಹೀಗಾಗಿ ಸಿಲಿಂಡರು ಅಥವಾ ಕಂಪ್ರೆಸರಿನ ಗಾಳಿಯಿಂದ ಇಲ್ಲಿನ ಆಳದ ನೀರಿಗೆ ಇಳಿಯುವವರು ನಿಜವಾದ ಆಳಕ್ಕಿಂತ ಹೆಚ್ಚಿನ ಆಳವನ್ನು ಲೆಕ್ಕಕ್ಕೆ ಹಿಡಿಯಬೇಕು. ಅದೇ ರೀತಿ ಕರಾವಳಿಯಲ್ಲಿ ಯಂತ್ರದ ಗಾಳಿಯಿಂದ ದುಡಿದವರು ಅಂದೇ ಸಂಜೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿ ಮಾರ್ಗವಾಗಿ ಹಾನಗಲ್ಲ ಕಡೆಗೆ ಹೊರಟರೆ, ಒತ್ತಡ ಇನ್ನಷ್ಟು ಇಳಿದು ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟುವ ಸಾಧ್ಯತೆ ಇದೆ. ವಿಮಾನಯಾನಕ್ಕೆ ಮುನ್ನ ಒಂದು ಮುಳುಗಿಗೆ ಕನಿಷ್ಠ 12 ತಾಸು, ಹಲವು ಮುಳುಗುಗಳಿಗೆ ಕನಿಷ್ಠ 18 ತಾಸು ಬಿಡುವಿರಬೇಕೆಂಬ ಸಲಹೆಯನ್ನು ಘಟ್ಟ ಹತ್ತುವವರೂ ಪಾಲಿಸಿ, ರಾತ್ರಿ ಕರಾವಳಿಯಲ್ಲಿಯೇ ತಂಗುವುದು ಕ್ಷೇಮ.

ಗಾಯ, ಸೋಂಕು ಮತ್ತು ವಿಷ

ಕಲ್ವದ ಅಂಚು ಬ್ಲೇಡಿನಷ್ಟು ಹರಿತ. ಅದರಿಂದಾದ ಗೀರು ಬೆಚ್ಚನೆಯ ಉಪ್ಪುನೀರಿನಲ್ಲಿರುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳಿಗೆ ದಾರಿಯಾಗಿ, ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ರೋಗವಿದ್ದವರಲ್ಲಿ ಒಂದೆರಡು ದಿನಗಳಲ್ಲಿಯೇ ಜೀವಕ್ಕೆ ಕುತ್ತು ತರಬಲ್ಲುದು. ಮರಳಿನಲ್ಲಿ ಹುದುಗಿರುವ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದಾಗ, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲನ್ನು ಅದ್ದಿಡುವುದರಿಂದ ನೋವು ಶಮನವಾಗುತ್ತದೆ. ಕಾಲೆತ್ತಿ ಇಡದೆ ತಳದ ಮೇಲೆ ಸವರುತ್ತ ನಡೆದರೆ ಮೀನು ತಾನಾಗಿಯೇ ಸರಿದುಹೋಗುತ್ತದೆ. ಕೆರೆ-ಗದ್ದೆಗಳ ನಿಂತ ನೀರಿನಲ್ಲಿ ದುಡಿದವರಿಗೆ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವಿಕೆ ಕಂಡುಬಂದರೆ ಇಲಿಜ್ವರದ ಶಂಕೆಯಿಂದ ವೈದ್ಯರಿಗೆ ತೋರಿಸಿ, ತಾವು ನೀರಿಗಿಳಿದಿದ್ದನ್ನು ತಪ್ಪದೆ ಹೇಳಬೇಕು.

ಸಂಗ್ರಾಹಕನ ಎಚ್ಚರವು ತಿನ್ನುವವನ ಕ್ಷೇಮಕ್ಕೂ ಸಂಬಂಧಿಸಿದ್ದು. ದ್ವಿಕವಾಟಿಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ವಿಷಕಾರಿ ಸೂಕ್ಷ್ಮ ಪಾಚಿಗಳು ಹೆಚ್ಚಿದಾಗ ಆ ವಿಷ ಅವುಗಳ ಮಾಂಸದಲ್ಲಿ ಶೇಖರವಾಗುತ್ತದೆ, ಮತ್ತು ಬೇಯಿಸಿದರೂ ನಾಶವಾಗುವುದಿಲ್ಲ. 1983ರಲ್ಲಿ ಕಾಸರಗೋಡು ಭಾಗದ ಕುಂಬಳೆ ಅಳಿವೆಯ ಬಳಚನ್ನು ತಿಂದ ಹಲವರು ಅಸ್ವಸ್ಥರಾಗಿ ಬಾಲಕನೊಬ್ಬನು ಸಾವಿಗೀಡಾದುದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ದಾಖಲಿಸಿದ್ದಾರೆ. ನೀರಿನ ಬಣ್ಣ ಅಸಹಜವಾಗಿ ಬದಲಾದಾಗ, ಮೀನುಗಳು ಸತ್ತು ತೇಲಿದಾಗ ಸಂಗ್ರಹವನ್ನು ನಿಲ್ಲಿಸಿ ಮೀನುಗಾರಿಕೆ ಇಲಾಖೆಗೆ ತಿಳಿಸುವುದು ಈ ಕಸುಬಿನ ಧರ್ಮ.

ನಿರ್ವಹಣೆಯ ಕ್ರಮ

ಅಪಾಯ ನಿರ್ವಹಣೆಯಲ್ಲಿ ಉಪಾಯಗಳಿಗೆ ಮೇಲು-ಕೀಳಿನ ಒಂದು ಶ್ರೇಣಿಯಿದೆ. ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಮೇಲಿನದು. ಅದು ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಗುವುದು, ನಂತರ ಸಲಕರಣೆಗಳ ಸುಧಾರಣೆ, ಅನಂತರ ಕೆಲಸದ ನಿಯಮಗಳು, ಕಟ್ಟಕಡೆಗೆ ಕೈಗವಸು, ಮುಖಗವಸುಗಳಂಥ ವೈಯಕ್ತಿಕ ರಕ್ಷಣೆ. ಮೊದಲ ಮೆಟ್ಟಿಲಿಗೆ ಉತ್ತಮ ಉದಾಹರಣೆ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರುಗಳಲ್ಲಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ನೆರವಿನಿಂದ 1990ರ ದಶಕದ ಉತ್ತರಾರ್ಧದಿಂದ ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳು ಬಿದಿರಿನ ಚಪ್ಪರದಿಂದ ಹಗ್ಗಗಳನ್ನು ತೂಗುಬಿಟ್ಟು ಅವುಗಳ ಮೇಲೆ ಪಚ್ಚಿಲೆ ಬೆಳೆಸುತ್ತಿವೆ. ಕೊಯ್ಲಿನ ಹೊತ್ತಿಗೆ ಹಗ್ಗವನ್ನು ಎತ್ತಿಕೊಂಡರೆ ಸಾಕು, ಅಲೆ ಬಡಿಯುವ ಬಂಡೆಗೆ ಯಾರೂ ಮುಳುಗಬೇಕಾಗಿಲ್ಲ. ಬಿತ್ತನೆಯ ಮರಿಗಳನ್ನು ಇನ್ನೂ ಬಂಡೆಗಳಿಂದ ತರಬೇಕಾದರೂ ಕೊಯ್ಲಿನ ಅಪಾಯ ಬಹುಪಾಲು ತಪ್ಪಿದೆ.

ಮುಳುಗುವುದು ಅನಿವಾರ್ಯವಾದಲ್ಲಿ ನೀರಿಗಿಳಿಯುವ ಮೊದಲು ದಡದ ಮೇಲೆಯೇ ಕೆಲವು ನಿರ್ಧಾರಗಳಾಗಬೇಕು. ಆ ದಿನದ ಉಬ್ಬರ-ಇಳಿತದ ವೇಳೆ, ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೀಡುವ ಅಲೆಗಳ ಮುನ್ಸೂಚನೆ, ಇಳಿಯುವವರ ಮತ್ತು ಕಾಯುವವರ ಹೆಸರು, ಎಲ್ಲರೂ ಮೇಲೆ ಬರಬೇಕಾದ ಗಡುವು ಇವುಗಳನ್ನು ಗೊತ್ತುಪಡಿಸಿ ಮನೆಯವರಿಗೂ ತಿಳಿಸಬೇಕು. ನೆಗಡಿಯಿಂದ ಕಿವಿ ಕಟ್ಟಿಕೊಂಡವರು, ಮದ್ಯ ಸೇವಿಸಿದವರು, ಮೂರ್ಛೆರೋಗ ಅಥವಾ ಹೃದಯದ ತೊಂದರೆಯಿರುವವರು ಮುಳುಗಬಾರದು. ಕಿವಿಯ ಒತ್ತಡವನ್ನು ಸಮಗೊಳಿಸಲಾಗದೆ ನೋವು ಶುರುವಾದೊಡನೆ ಮೇಲೆ ಬರಬೇಕು, ಏಕೆಂದರೆ ಕಿವಿತಮಟೆ ಹರಿದು ತಣ್ಣೀರು ಒಳನುಗ್ಗಿದರೆ ದಿಕ್ಕು ತಪ್ಪಿಸುವ ತಲೆಸುತ್ತು ಬರುತ್ತದೆ. ಕೆಲಸ ನಿಲ್ಲಿಸಲು ಹೇಳುವ ಅಧಿಕಾರ ಗುಂಪಿನ ಪ್ರತಿಯೊಬ್ಬರಿಗೂ ಇರಬೇಕು, ಮತ್ತು ಹಾಗೆ ಹೇಳಿದವರ ಕೂಲಿಗೆ ಕತ್ತರಿ ಬೀಳಬಾರದು.

ತುರ್ತು ಚಿಕಿತ್ಸೆ

ಮುಳುಗಿ ಪ್ರಜ್ಞೆ ತಪ್ಪಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇನ್ನೂ ಹಲವೆಡೆ ಉಳಿದಿರುವ ಹಾನಿಕರ ರೂಢಿಗಳು; ಇವುಗಳಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುವುದಲ್ಲದೆ ಹೊಟ್ಟೆಯಲ್ಲಿದ್ದುದು ಶ್ವಾಸನಾಳವನ್ನು ಸೇರುತ್ತದೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಬಳಿಕ ಎದೆಯ ನಡುವೆ 30 ಒತ್ತುಗಳಿಗೆ 2 ಉಸಿರಿನಂತೆ ಸಹಾಯ ಬರುವವರೆಗೂ ಮುಂದುವರಿಸಬೇಕು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ತಾಸುಗಳ ನಂತರ ಉಲ್ಬಣಿಸಬಹುದು. ಒತ್ತಡದ ಬೇನೆಯ ಶಂಕೆಯಿದ್ದಲ್ಲಿ ರೋಗಿಯನ್ನು ಮಲಗಿಸಿಯೇ ಇಟ್ಟು ಶುದ್ಧ ಆಮ್ಲಜನಕ ಕೊಡಬೇಕು. ಮತ್ತೆ ನೀರಿಗಿಳಿಸಿ ಸರಿಪಡಿಸುವ ಪ್ರಯತ್ನ ಮಾಡಬಾರದು. ಒತ್ತಡ ಕೋಣೆಯ ಚಿಕಿತ್ಸೆ ಎಲ್ಲಿ ದೊರೆಯುವುದೆಂಬುದನ್ನು ಹಂಗಾಮು ಆರಂಭವಾಗುವ ಮೊದಲೇ ವಿಚಾರಿಸಿಟ್ಟುಕೊಂಡು, ಸಾಧ್ಯವಾದಷ್ಟೂ ಘಟ್ಟ ಹತ್ತದೆ ಕರಾವಳಿಯ ಹೆದ್ದಾರಿಯಲ್ಲಿಯೇ ಸಾಗಿಸಬೇಕು. ಆಂಬುಲೆನ್ಸಿಗೆ 108, ಸಾಮಾನ್ಯ ತುರ್ತಿಗೆ 112, ಕಡಲಿನಲ್ಲಿ ಕರಾವಳಿ ರಕ್ಷಣಾ ಪಡೆಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093 ಕರೆ ಮಾಡಬೇಕಾದ ಸಂಖ್ಯೆಗಳು.

ಹೊಣೆ ಮತ್ತು ಪರಿಹಾರ

ಬ್ರಿಟನ್ನಿನಲ್ಲಿ 1997ರ ಮುಳುಗು ಕೆಲಸದ ನಿಯಮಾವಳಿಯು ಚಿಪ್ಪುಜೀವಿ ಸಂಗ್ರಹಕ್ಕೂ ಅನ್ವಯಿಸುತ್ತಿದ್ದು, ಪ್ರತಿ ಕೆಲಸಕ್ಕೂ ಲಿಖಿತ ಯೋಜನೆ, ಅರ್ಹ ಮೇಲ್ವಿಚಾರಕ ಮತ್ತು ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. ಭಾರತದಲ್ಲಿ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯು ಒತ್ತಡದ ಗಾಳಿಯಲ್ಲಿ ದುಡಿಯುವುದರಿಂದ ಬರುವ ರೋಗಗಳನ್ನು ವೃತ್ತಿಜನ್ಯ ರೋಗಗಳೆಂದು ಗುರುತಿಸಿದ್ದುದರಿಂದ, ಮಾಲೀಕನ ಕೈಕೆಳಗೆ ದುಡಿಯುವ ಮುಳುಗುಗಾರನಿಗೆ ಪರಿಹಾರ ಕೇಳುವ ಆಧಾರ ಹಳೆಯ ಕಾಲದಿಂದಲೂ ಇದೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯು ನೋಂದಾಯಿತ ಮೀನುಗಾರರಿಗೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆಯ ಖರ್ಚಿಗೆ 25,000 ರೂಪಾಯಿಗಳನ್ನು ನಿಗದಿಪಡಿಸಿದೆ. ದೋಣಿಯಿಲ್ಲದೆ, ಬಲೆಯಿಲ್ಲದೆ ಕೈಯಿಂದ ಬಳಚು ಹೆಕ್ಕುವ ಹೆಂಗಸರು ಮತ್ತು ಹಂಗಾಮಿನ ಕೂಲಿಗಳು ಮೀನುಗಾರರೆಂದು ನೋಂದಾಯಿಸಿಕೊಳ್ಳದೆ ಉಳಿದರೆ ಈ ರಕ್ಷಣೆ ಅವರಿಗೆ ದಕ್ಕುವುದಿಲ್ಲ; ಆದ್ದರಿಂದ ಸಹಕಾರಿ ಸಂಘಗಳು, ಗ್ರಾಮ ಪಂಚಾಯಿತಿಗಳು ಮತ್ತು ಮೀನುಗಾರಿಕೆ ಇಲಾಖೆ ಸೇರಿ ಇವರ ಹೆಸರುಗಳನ್ನು ಪಟ್ಟಿಗೆ ತರುವುದು ಮೊದಲ ಕರ್ತವ್ಯವಾಗಬೇಕು.

ಒಟ್ಟಿನಲ್ಲಿ ಮುಳುಗುಗಾರಿಕೆಯ ಅವಘಡಗಳನ್ನು ಮುಳುಗುವವನ ಧೈರ್ಯ ಅಥವಾ ವಿಧಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಕಾಯುವವನೊಬ್ಬನ ಅಭಾವ, ನೀರಿನ ವೇಳೆಯ ಅಜ್ಞಾನ, ಬುಟ್ಟಿಗೆ ಕಟ್ಟಿದ ಕೂಲಿ, ಮುಚ್ಚದೆ ಬಿಟ್ಟ ಗುಂಡಿ, ತೆರೆದೇ ಇದ್ದ ತೂಬು ಇವೆಲ್ಲವೂ ದಡದ ಮೇಲೆ ಹುಟ್ಟುವ ಕಾರಣಗಳು, ದಡದ ಮೇಲೆಯೇ ಸರಿಪಡಿಸಬಹುದಾದ ಕಾರಣಗಳು. ಆದ್ದರಿಂದ ಈ ಕಸುಬಿನ ಸುರಕ್ಷತೆಯ ಹೊಣೆಯು ನೀರಿಗಿಳಿಯುವವನಿಗಿಂತ ಹೆಚ್ಚಾಗಿ ಅವನನ್ನು ಇಳಿಸುವವರದು, ಅವನು ತಂದುದನ್ನು ಕೊಳ್ಳುವವರದು ಮತ್ತು ಅವನನ್ನು ಕಾಯಬೇಕಾದ ಆಡಳಿತದ್ದು.